ನ್ಯಾಸಧನವೂ ನಂಬಿಕೆದ್ರೋಹವೂ

ಮಂಗಳೂರು ವ್ಯಾಪಾರದ ಪಟ್ಟಣ. ಆದುದರಿಂದಲೇ ನಂಬಿಕೆಯ ಪಟ್ಟಣ. ಬಂದರಿನ ಉಗ್ರಾಣಗಳಲ್ಲಿ ಒಬ್ಬರ ಸರಕು ಮತ್ತೊಬ್ಬರ ಬೀಗದೊಳಗಿರುತ್ತದೆ. ಅಕ್ಕಸಾಲಿಯ ಪೆಟ್ಟಿಗೆಯಲ್ಲಿ ದುರಸ್ತಿಗೆ ಬಂದ ಒಡವೆಯಿರುತ್ತದೆ. ೧೯೦೬ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಇಲ್ಲಿ ಸ್ಥಾಪಿಸಿದ ನಿಧಿಯು ಕೆನರಾ ಬ್ಯಾಂಕಾಗಿ ಬೆಳೆದುದೂ ಜನರ ನಂಬಿಕೆಯಿಂದಲೇ. ಪರರ ಸ್ವತ್ತು ಕೈಯಲ್ಲಿರುವುದು ಅಪರಾಧವಲ್ಲ. ಹಾಗಾದರೆ ಅದು ಅಪರಾಧವಾಗುವುದು ಯಾವಾಗ?

ಕಳ್ಳನು ಒಡೆಯನ ಒಪ್ಪಿಗೆಯಿಲ್ಲದೆ ವಸ್ತುವನ್ನು ಒಯ್ಯುತ್ತಾನೆ. ನಂಬಿಕೆದ್ರೋಹಿಯಾದರೋ ಒಡೆಯನ ಕೈಯಿಂದಲೇ ಅದನ್ನು ಪಡೆದಿರುತ್ತಾನೆ. ಆದಕಾರಣ ಕಾನೂನು ಇಲ್ಲಿ ಎರಡು ಅಂಶಗಳನ್ನು ಅರಸುತ್ತದೆ: ಸ್ವತ್ತನ್ನು ನಂಬಿ ಒಪ್ಪಿಸಿರಬೇಕು, ಪಡೆದವನು ಅದನ್ನು ಅಪ್ರಾಮಾಣಿಕ ಬುದ್ಧಿಯಿಂದ ತನ್ನದಾಗಿಸಿಕೊಂಡಿರಬೇಕು ಇಲ್ಲವೆ ಒಪ್ಪಂದಕ್ಕೆ ವಿರುದ್ಧವಾಗಿ ಬಳಸಿರಬೇಕು.

ಅಕ್ಕಸಾಲಿಯು ಸರವನ್ನು ಹೇಳಿದ ದಿನ ಕೊಡದಿದ್ದರೆ ಅದು ಬರಿಯ ವಿಳಂಬ. ತಕ್ಕ ಎಚ್ಚರವಿದ್ದೂ ಬೆಂಕಿಯಲ್ಲಿ ಅದು ನಾಶವಾದರೆ ದುರ್ದೈವ. ಎಚ್ಚರವಿಲ್ಲದೆ ಕಳೆದರೆ ೧೮೭೨ರ ಕರಾರು ಅಧಿನಿಯಮದಂತೆ ನಷ್ಟ ತುಂಬಿಕೊಡುವ ಹೊಣೆ. ಆದರೆ ಅದನ್ನು ಕರಗಿಸಿ ಮಾರಿ, "ನೀವು ಕೊಟ್ಟೇ ಇಲ್ಲ" ಎಂದರೆ ಅಪರಾಧ. "ಮುಂದಿನ ತಿಂಗಳು ಬಿಡಿಸಿ ಕೊಡುವೆ" ಎಂದುಕೊಂಡು ತನ್ನ ಸಾಲಕ್ಕೆ ಅಡವಿಟ್ಟರೂ ಅಪರಾಧವೇ. ತಾತ್ಕಾಲಿಕ ದುರ್ವಿನಿಯೋಗವೂ ದುರ್ವಿನಿಯೋಗವೆಂದು ಕಾನೂನು ಸ್ಪಷ್ಟಪಡಿಸಿದೆ.

ಈ ವಿವೇಚನೆ ಕನ್ನಡನಾಡಿಗೆ ಹೊಸದಲ್ಲ. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದುದು ಯಾಜ್ಞವಲ್ಕ್ಯಸ್ಮೃತಿಗೆ. ಆ ಸ್ಮೃತಿಯ ಉಪನಿಧಿ ಪ್ರಕರಣದಂತೆ ಒಪ್ಪಿಸಿದ ವಸ್ತುವನ್ನು ಇದ್ದಂತೆಯೇ ಹಿಂದಿರುಗಿಸಬೇಕು. ರಾಜ, ದೈವ, ಕಳ್ಳರಿಂದ ಹೋದುದಕ್ಕೆ ಇಟ್ಟುಕೊಂಡವನು ಹೊಣೆಯಲ್ಲ.

೧೮೬೦ರ ದಂಡಸಂಹಿತೆಯಲ್ಲಿ ಸಾಮಾನ್ಯ ಕಳವಿಗೂ ಸಾಮಾನ್ಯ ನಂಬಿಕೆದ್ರೋಹಕ್ಕೂ ಗರಿಷ್ಠ ಸೆರೆವಾಸ ಮೂರೇ ವರ್ಷಗಳಿದ್ದುವು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೩೧೬ನೆಯ ಪ್ರಕರಣವು ನಂಬಿಕೆದ್ರೋಹಕ್ಕೆ ಅದನ್ನು ಐದು ವರ್ಷಗಳಿಗೆ ಏರಿಸಿತು. ಉಗ್ರಾಣದವನಿಗೂ ನೌಕರನಿಗೂ ಏಳು ವರ್ಷಗಳವರೆಗೆ. ಸರಕಾರಿ ನೌಕರ, ಬ್ಯಾಂಕಿನವ, ದಲ್ಲಾಳಿ ಮೊದಲಾದವರಿಗೆ ಹತ್ತು ವರ್ಷಗಳವರೆಗೆ ಅಥವಾ ಜೀವಾವಧಿ. ನಂಬಿಕೆ ಹಿರಿದಾದಷ್ಟೂ ದಂಡನೆ ಹಿರಿದು.

ಕಳ್ಳನಿಗೆ ಹೆದರಿ ಬಾಗಿಲಿಗೆ ಬೀಗ ಹಾಕಬಹುದು. ಬೀಗದ ಕೈಯನ್ನೇ ಒಪ್ಪಿಸಿದವನಿಗೆ ರಕ್ಷಣೆ ಇನ್ನೊಬ್ಬನ ಪ್ರಾಮಾಣಿಕತೆಯೊಂದೇ. ಸಂಘದ ವಂತಿಗೆಯನ್ನೋ ನೆರೆಯವರ ಹಣವನ್ನೋ ಕೈಯಲ್ಲಿ ಹಿಡಿದ ವಿದ್ಯಾರ್ಥಿಯು ಇದನ್ನು ಮನಗಾಣಬೇಕು. ಲೆಕ್ಕ ಬರೆದಿಡುವುದು, ಬೇರೆಯಾಗಿಡುವುದು, ಕೇಳಿದಾಗ ಕೊಡುವುದು: ಈ ಮೂರು ಅಭ್ಯಾಸಗಳು ಅವನನ್ನು ಕಾಯುವುವು.