ಮಾರಯ್ಯನ ಮನೆಯಲ್ಲಿ ಲಕ್ಕಮ್ಮ ಇದ್ದಳು

ಚಿ. ಸೌ. ಮಗಳಿಗೆ,

ಧಾರವಾಡದಿಂದ ನಿನ್ನ ದೊಡ್ಡವ್ವ ಬರೆಯುತ್ತಿದ್ದೇನೆ. ಪತ್ರ ನಿನಗೇ ಬರೆದದ್ದು. ಆದರೂ ನಿನ್ನ ಹಾಗೆ ಊರು ಬಿಟ್ಟು ದುಡಿಯಲು ಹೋದ ನಮ್ಮ ಎಲ್ಲರ ಮನೆಯ ಮಕ್ಕಳೂ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ಕಳೆದ ವಾರ ಫೋನಿನಲ್ಲಿ ನೀನು, "ದೊಡ್ಡವ್ವಾ, ಕೆಲಸಾನ ಪೂಜಾ ಅಂತ ಸಣ್ಣಾಕಿದ್ದಾಗ ನೀನ ಕಲಿಸಿದ್ದಿ, ಈಗ ಯಾಕ ಬ್ಯಾರೆ ಹೇಳ್ತಿ?" ಎಂದೆ. ಲಿಂಗಪೂಜೆ ಬಿಟ್ಟುಹೋದದ್ದಕ್ಕೆ, ಪಂಚಮಿಗೆ ತವರಿಗೆ ಬರದಿದ್ದಕ್ಕೆ, ಅವ್ವನ ಜೊತೆ ನೆಮ್ಮದಿಯಾಗಿ ಮಾತಾಡದಿದ್ದಕ್ಕೆ, ಎಲ್ಲಕ್ಕೂ ಅದೊಂದೇ ಉತ್ತರ. ಆ ಮಾತನ್ನು ತಳ್ಳಿಹಾಕುವ ಮನಸ್ಸು ನನಗಿಲ್ಲ. ಅದರ ಹಿಂದೆ ದೊಡ್ಡವರಿದ್ದಾರೆ.

ನಿನ್ನ ಪರವಾಗಿ ಇರುವುದನ್ನೇ ಮೊದಲು ಹೇಳುತ್ತೇನೆ. ಕೈಯಲ್ಲಿ ಕಾಯಕ ಇರುವಾಗ ಗುರು ಎದುರು ಬಂದರೂ, ಪೂಜೆಯ ಹೊತ್ತಾದರೂ ಅದನ್ನು ಬಿಟ್ಟು ಏಳಬೇಕಿಲ್ಲ ಎನ್ನುವ ಅರ್ಥದ ವಚನ ಹೇಳಿದವನು 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯ. ಹಗ್ಗ ಹೊಸೆಯುವ ನುಲಿಯ ಚಂದಯ್ಯನ ಕಥೆ ನಿನಗೆ ಗೊತ್ತೇ ಇದೆ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ಬಿದ್ದರೂ ಅವನು ಕೈ ನಿಲ್ಲಿಸಲಿಲ್ಲ, ಲಿಂಗವೇ ಅವನ ಬೆನ್ನು ಹತ್ತಿ ಬಂತು. ದುಡಿಮೆಯನ್ನು ಇಷ್ಟು ಎತ್ತರದಲ್ಲಿಟ್ಟ ಧರ್ಮ ನಮ್ಮದು. ನೀನು ರಾತ್ರಿ ಹನ್ನೊಂದಕ್ಕೂ ಮನಸ್ಸಿಟ್ಟು ಕೆಲಸ ಮಾಡುತ್ತೀ ಎಂದರೆ ನನಗೆ ಹೆಮ್ಮೆಯೇ.

ಆದರೆ ಮಗಳೇ, ಮಾರಯ್ಯನ ಮನೆಯಲ್ಲಿ ಲಕ್ಕಮ್ಮ ಇದ್ದಳು.

ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಗಂಡ ಹೆಂಡತಿ ಅವರು. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಅದರಲ್ಲೇ ಜಂಗಮ ದಾಸೋಹ, ಅದರಲ್ಲೇ ಮನೆಯ ಊಟ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಕದ್ದದ್ದಲ್ಲ, ಬಿದ್ದದ್ದನ್ನೇ ಆಯ್ದದ್ದು. ಆದರೂ ಲಕ್ಕಮ್ಮ ಒಪ್ಪಲಿಲ್ಲ. ಅದು ಆಸೆಯ ಅಕ್ಕಿ ಎಂದು, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಅವನನ್ನು ತಿರುಗಿ ಕಳಿಸಿದಳು. ಅವಳು ದುಡಿಮೆಯನ್ನು ಹಗುರ ಮಾಡಿದವಳೂ ಅಲ್ಲ. ಶರಣರ ಗೋಷ್ಠಿಯಲ್ಲಿ ಮೈಮರೆತು ಕೂತ ಗಂಡನಿಗೆ ಕಾಯಕ ನಿಂತಿದೆ, ಎದ್ದು ಹೋಗು ಎಂದು ನೆನಪು ಮಾಡಿದವಳೂ ಅವಳೇ. ಕಡಿಮೆಯಾದಾಗ ಎಬ್ಬಿಸಿದಳು, ಹೆಚ್ಚಾದಾಗ ತಡೆದಳು. ಮಾರಯ್ಯನ ಕಾಯಕ ಕೈಲಾಸಕ್ಕೆ ಸಮ ಆದದ್ದು ಮನೆಯಲ್ಲಿ ಅಳತೆ ಹೇಳುವ ಬಾಯಿ ಇದ್ದುದರಿಂದ, ಅದನ್ನು ಕೇಳುವ ಕಿವಿ ಅವನಿಗಿದ್ದುದರಿಂದ.

ಬೆಂಗಳೂರಿನ ನಿನ್ನ ಕೆಲಸಕ್ಕೆ ಅಳತೆ ಹೇಳುವವರು ಯಾರು? ಕಂಪನಿ ಹೇಳಲಾರದು, ಅದರ ಗರಜು ಬೇರೆ. 2023ರ ಅಕ್ಟೋಬರಿನಲ್ಲಿ ಎನ್.ಆರ್. ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ದೇಶವೆಲ್ಲ ವಾದ ನಡೆಯಿತು. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವಾರಕ್ಕೆ 48 ಗಂಟೆ ಎನ್ನುತ್ತದೆ. ಕಾಯ್ದೆ ಕಾಗದದ ಮೇಲೆ ಇರುತ್ತದೆ, ನಿನ್ನ ಪಕ್ಕದಲ್ಲಿ ಕೂತಿರುವುದಿಲ್ಲ. ನಿನ್ನ ಮುಖ ಬಾಡಿದ್ದನ್ನು ಕಂಡು ಇವತ್ತಿಗೆ ಸಾಕು ಎನ್ನಬೇಕಾದವರು ಗಂಡ, ಅವ್ವ, ಹಳೆಯ ಗೆಳತಿ. ಅವರಿಗೆ ನಿನ್ನ ಮುಖ ನೋಡುವ ಅವಕಾಶವೇ ಸಿಗದಿದ್ದರೆ ಅವರಾದರೂ ಏನು ಹೇಳಿಯಾರು? ದೇವರಿಗೆ ಒಂದಿಷ್ಟು, ಸಂಬಂಧಿಕರಿಗೊಂದಿಷ್ಟು ಎಂದು ನಿನ್ನ ದಿನದ ಮೇಲೆ ಇನ್ನೆರಡು ಹೊರೆ ಹೇರಲು ನಾನು ಬರೆಯುತ್ತಿಲ್ಲ. ಇರುವ ಹೊರೆಗೆ ಮಿತಿ ಹಾಕುವವು ಅವೆರಡೇ ಎಂದು ಹೇಳಲು ಬರೆಯುತ್ತಿದ್ದೇನೆ.

ಮಿತಿ ಎಂದರೆ ಹೇಗಿರುತ್ತದೆ ನೋಡು: ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಬಿತ್ತಿಗೆಯ ಹದ ತಪ್ಪಿದರೂ ಸರಿ, ಸೋಮವಾರ ನೊಗ ಏರುವುದಿಲ್ಲ. ಅದು ಬಸವಣ್ಣನ ದಿನ. ಬಡ ರೈತರೂ ಈ ನೇಮ ಮುರಿದದ್ದನ್ನು ನಾನು ಕಂಡಿಲ್ಲ. ದೇವರ ಹೆಸರಿನಲ್ಲಿ ಹಾಕಿದ ಗೆರೆಗೆ ಮಾತ್ರ ಅಷ್ಟು ಶಕ್ತಿ ಇರುತ್ತದೆ. ಪುರುಸೊತ್ತಾದಾಗ ವಿಶ್ರಾಂತಿ ಎಂದು ಬಿಟ್ಟಿದ್ದರೆ ಆ ಎತ್ತುಗಳಿಗೆ ಪುರುಸೊತ್ತು ಎಂದೂ ಸಿಗುತ್ತಿರಲಿಲ್ಲ.

ಪೂಜೆಯ ವಿಷಯ. ದುಡಿಯುವವರಿಗೆ ಅನುಕೂಲವಾಗಲೆಂದೇ ಶರಣರು ದೇವರನ್ನು ಗುಡಿಯಿಂದ ಅಂಗೈಗೆ ತಂದರು. ಪೂಜಾರಿ ಬೇಡ, ಗುಡಿಯ ಬಾಗಿಲು ತೆರೆಯಲಿ ಎಂದು ಕಾಯುವುದು ಬೇಡ. ಹಣೆಗೆ ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು, ಅದರಲ್ಲಿ ದೃಷ್ಟಿ ನಿಲ್ಲಿಸಿ ಹತ್ತು ನಿಮಿಷ ಕೂತರೂ ಆಯಿತು. ನಿನ್ನ ಲಿಂಗದ ಕರಡಿಗೆ ಕಪಾಟಿನಲ್ಲಿದೆ ಎಂದು ನಿನ್ನ ಅವ್ವ ಹೇಳಿ ಅತ್ತಳು, ನಾನು ಬೈಯುವುದಿಲ್ಲ. ಬೆಳಿಗ್ಗೆ ಫೋನ್ ಮುಟ್ಟುವುದಕ್ಕಿಂತ ಮೊದಲು ಅದನ್ನು ಮುಟ್ಟು. ಒಂದು ದಿನ ತಪ್ಪಿದರೆ ಪಾಪ ಬಂತು ಎಂದು ಕೊರಗಬೇಡ, ಮರುದಿನ ಕೂತುಕೋ. 2023ರ ಜನವರಿ 2ರಂದು ನಮ್ಮನ್ನು ಅಗಲಿದ ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳ ಬೆಳಗಿನ ಪ್ರವಚನಕ್ಕೆ ಹೊಲಕ್ಕೆ ಹೋಗುವವರು, ಅಂಗಡಿ ತೆರೆಯುವವರು, ಸಾಲಿ ಮಾಸ್ತರರು ಎಲ್ಲ ಬಂದು ಕೂತು, ಅಲ್ಲಿಂದ ನೇರ ಕೆಲಸಕ್ಕೆ ಹೋಗುತ್ತಿದ್ದರು. ಅವರೆಲ್ಲ ಪುರುಸೊತ್ತಿನ ಜನರಾಗಿರಲಿಲ್ಲ.

ನಿನ್ನ ಗೆಳತಿಯರ ಮನೆಯ ನಂಬಿಕೆ ಬೇರೆ ಇರಬಹುದು. ಮಂಗಳೂರು ಕಡೆಯ ಕ್ರೈಸ್ತರಲ್ಲಿ ರಾತ್ರಿ ಊಟಕ್ಕೆ ಮೊದಲು ಮನೆಮಂದಿಯೆಲ್ಲ ಸೇರಿ ಜಪಸರದ ಪ್ರಾರ್ಥನೆ ಮಾಡುವ ರೂಢಿ ಇದೆ. ದೇವರಿಗೂ ಮನೆಯವರಿಗೂ ಒಂದೇ ಹೊತ್ತು. ನನಗೆ ಅದು ಬಹಳ ಹಿಡಿಸುತ್ತದೆ. ನೀವು ಗಂಡ ಹೆಂಡತಿ ಪೂಜೆಗೆ ಜೊತೆಯಲ್ಲೇ ಯಾಕೆ ಕೂರಬಾರದು? ದಾಸಿಮಯ್ಯ ದುಗ್ಗಳೆಯರು, ಮೋಳಿಗೆಯ ಮಾರಯ್ಯ ಮಹಾದೇವಿಯರು, ಈ ಲಕ್ಕಮ್ಮ ಮಾರಯ್ಯರು, ಶರಣರಲ್ಲಿ ಜೋಡಿಯಾಗಿ ನಡೆದವರೇ ಎಷ್ಟೊಂದು ಜನ!

ಇನ್ನು ಸಂಬಂಧಗಳು. ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ, ಆದರೆ ನಿನ್ನ ಮೇಲಲ್ಲ. ಎರಡೂ ಕಡೆಯ ಹಿರಿಯರಿಗೆ ಫೋನ್ ಮಾಡುವುದು, ಹುಟ್ಟುಹಬ್ಬ ನೆನಪಿಡುವುದು, ಮದುವೆಗೆ ಉಡುಗೊರೆ ನೋಡುವುದು, ಯಾರ ಮನೆಯಲ್ಲಿ ಯಾರಿಗೆ ಆರಾಮ ಇಲ್ಲ ಎಂದು ವಿಚಾರಿಸುವುದು, ಎಲ್ಲವೂ ನಿನ್ನ ತಲೆಯ ಮೇಲೇ. ದುಡಿಮೆ ಇಬ್ಬರದೂ ಆದಮೇಲೆ ಇದೂ ಇಬ್ಬರದೇ. ಅಳಿಯಂದಿರ ಅವ್ವನಿಗೆ ಅಳಿಯಂದಿರೇ ಫೋನ್ ಮಾಡಲಿ. ಮಗನ ದನಿ ಕೇಳಿ ಆ ತಾಯಿಗೆ ಆಗುವ ಸಂತೋಷ ನೀನು ಮಾಡಿದಾಗ ಆಗುವುದಿಲ್ಲ. ಇದನ್ನು ಅವರಿಗೆ ಓದಿ ಹೇಳು, ದೊಡ್ಡವ್ವ ಬರೆದಿದ್ದಾಳೆ ಎನ್ನು.

ನಿನ್ನ ಅವ್ವನಿಗೆ ಸುದ್ದಿ ಇದ್ದಾಗ ಮಾತ್ರ ಫೋನ್ ಮಾಡಬೇಡ. ಯಾವ ಪಲ್ಯ ಮಾಡಿದ್ದಿ, ಮಳೆ ಬಂತೇನು, ಇಷ್ಟೇ ಮಾತಿನ ಫೋನುಗಳನ್ನೇ ಅವಳು ದಿನವೆಲ್ಲ ನೆನೆಸಿಕೊಳ್ಳುತ್ತಾಳೆ. ಕ್ಯಾಬಿನಲ್ಲಿ ಕೂತು ಮಾಡಿದರೂ ನಡೆಯುತ್ತದೆ, ಬರೀ ಅದೇ ಆಗದಿರಲಿ. ಗಂಡ ಹೆಂಡತಿ ನಡುವೆಯೂ ಮಗುವಿನ ಫೀ, ಗ್ಯಾಸ್ ಸಿಲಿಂಡರ್ ಬಿಟ್ಟು ದಿನಕ್ಕೊಂದು ಮಾತಾದರೂ ಇರಲಿ.

ಈ ವರ್ಷದ ಪಂಚಮಿ ಹೋಯಿತು, ಉಂಡಿಯ ಡಬ್ಬಿಯನ್ನು ಕೊರಿಯರಿನಲ್ಲಿ ಕಳಿಸಿದೆವು. ಸೀಗಿ ಹುಣ್ಣಿಮೆ ಇನ್ನೂ ಮುಂದಿದೆ. ರಜೆ ಈಗಲೇ ಹೇಳಿಡು. ಹಿಂದಿನ ದಿನ ಬೆಳಿಗ್ಗೆ ವಂದೇ ಭಾರತ್ ರೈಲು ಹತ್ತಿದರೆ ಮಧ್ಯಾಹ್ನಕ್ಕೆ ಧಾರವಾಡ. ನಿನ್ನ ಅಣ್ಣ ಸ್ಟೇಷನ್ನಿಗೆ ಬರುತ್ತಾನೆ. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಕರ್ಚಿಕಾಯಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗೋಣ. ಮಗುವಿಗೂ ಚರಗ ಚೆಲ್ಲುವುದು ಗೊತ್ತಾಗಲಿ. ಲ್ಯಾಪ್‌ಟಾಪ್ ತರುವುದಾದರೆ ತಾ, ಸಂಜೆ ಮನೆಗೆ ಬಂದ ಮೇಲೆ ಕೆಲಸ ಮಾಡು, ಯಾರೂ ಏನೂ ಅನ್ನುವುದಿಲ್ಲ. ಹೊಲಕ್ಕೆ ಮಾತ್ರ ಅದು ಬೇಡ.

ನಿನ್ನ
ದೊಡ್ಡವ್ವ