ನೆಲದ ಮೇಲೊಂದು ಚಂದ್ರಲೋಕ

1969ರ ಜುಲೈ 20ರಂದು ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಹೆಜ್ಜೆಯಿರಿಸಿದುದನ್ನು ಕೋಟ್ಯಂತರ ಜನರು ಮಸುಕಾದ ಕಪ್ಪು ಬಿಳುಪು ಚಿತ್ರಗಳಲ್ಲಿ ಕಂಡರು. ಆ ಸಾಹಸವನ್ನು ಮುಂದೆ ನಾಟಕರೂಪದಲ್ಲಿ ತೋರಿಸಹೊರಟವರಿಗೆ ವಿಚಿತ್ರವಾದ ತೊಡಕೊಂದು ಎದುರಾಯಿತು. ರಾಜಾಸ್ಥಾನವನ್ನು ತೋರಿಸಲು ಪರದೆ, ಸಿಂಹಾಸನ, ಕಿರೀಟಗಳಿದ್ದರೆ ಸಾಕು; ಉಳಿದುದನ್ನು ಪ್ರೇಕ್ಷಕರೇ ಊಹಿಸಿಕೊಳ್ಳುತ್ತಾರೆ. ಚಂದ್ರಲೋಕದ ಮಾತು ಹಾಗಲ್ಲ. ಅಲ್ಲಿನ ನಡಿಗೆಯೇ ಬೇರೆ, ಬೆಳಕೇ ಬೇರೆ. ಅದರ ನಿಜವಾದ ಚಿತ್ರಗಳನ್ನೋ ಜಗತ್ತು ಮೊದಲೇ ನೋಡಿಬಿಟ್ಟಿತ್ತು.

1998ರಲ್ಲಿ ಅಮೆರಿಕದ ಎಚ್‌ಬಿಒ ದೂರದರ್ಶನ ವಾಹಿನಿಯು 'ಫ್ರಮ್ ದಿ ಅರ್ತ್ ಟು ದಿ ಮೂನ್' ಎಂಬ 12 ಕಂತುಗಳ ಧಾರಾವಾಹಿಯನ್ನು ಪ್ರಸಾರ ಮಾಡಿತು. ನಟ ಟಾಮ್ ಹ್ಯಾಂಕ್ಸ್ ಅದರ ನಿರ್ಮಾಪಕರಲ್ಲೊಬ್ಬರು. 1971ರಲ್ಲಿ ಚಂದ್ರನ ಮೇಲೆ ನಡೆದಾಡಿ ಬಂದ ಡೇವಿಡ್ ಸ್ಕಾಟ್ ಅವರೇ ಸಲಹೆಗಾರರಾಗಿದ್ದುದರಿಂದ, ತಪ್ಪು ಹೆಜ್ಜೆಯನ್ನು ಗುರುತಿಸಬಲ್ಲ ಕಣ್ಣು ಸದಾ ಎದುರಿಗಿತ್ತು.

ಚಂದ್ರನ ಗುರುತ್ವವು ಭೂಮಿಯದರ ಆರನೆಯ ಒಂದು ಪಾಲು. ಆದ್ದರಿಂದ ನಟರ ಬೆನ್ನಿಗೆ ಹೀಲಿಯಂ ತುಂಬಿದ ಬಲೂನುಗಳನ್ನು ಕಟ್ಟಿ ಅವರ ಭಾರವನ್ನು ಇಳಿಸಿದರು. ಒಂದು ಘನ ಮೀಟರ್ ಹೀಲಿಯಂ ಎತ್ತಬಲ್ಲುದು ಸುಮಾರು ಒಂದು ಕಿಲೋಗ್ರಾಂ ಮಾತ್ರ. ಉಡುಪು ಸಹಿತ 90 ಕಿಲೋಗ್ರಾಂ ತೂಗುವವನನ್ನು 15 ಕಿಲೋಗ್ರಾಂಗೆ ಇಳಿಸಬೇಕಾದರೆ ತರಗತಿಯ ಕೋಣೆಯೊಂದನ್ನು ತುಂಬುವಷ್ಟು ಅನಿಲ ಬೇಕು! ಇಂಥ ಬಲೂನುಗಳು ಛಾಯಾಗ್ರಾಹಕನ ಕಣ್ಣಿಗೆ ಬೀಳದಂತೆ ಮೇಲೆ ತೇಲಲು ಎತ್ತರದ ಛಾವಣಿ ಅಗತ್ಯ. ಕ್ಯಾಲಿಫೋರ್ನಿಯದ ಟಸ್ಟಿನ್ನಿನಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೀಲಿಯಂ ವಾಯುನೌಕೆಗಳಿಗಾಗಿಯೇ ಕಟ್ಟಿದ್ದ ಬೃಹತ್ ಕೊಟ್ಟಿಗೆಯೊಂದು ಇದಕ್ಕೆ ಒದಗಿತು.

ಇನ್ನು ಬೆಳಕು. ಬಹು ದೂರದ ಸೂರ್ಯನಿಂದ ಬರುವ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರ. ಪ್ರತಿಯೊಂದು ವಸ್ತುವಿಗೂ ಒಂದೇ ನೆರಳು. ಹಲವು ದೀಪಗಳನ್ನು ಹಚ್ಚಿದರೆ ನೆರಳುಗಳೂ ಹಲವಾಗಿ ಗುಟ್ಟು ರಟ್ಟಾಗುತ್ತದೆ. ಅದಕ್ಕಾಗಿ 10,000 ವಾಟ್‌ನ 20 ದೀಪಗಳ ಬೆಳಕನ್ನು 2 ಮೀಟರ್ ಅಗಲದ ಒಂದೇ ಪೀನ ದರ್ಪಣದ ಮೇಲೆ ಬೀಳಿಸಿ, ಅಲ್ಲಿಂದ ಹರಡಿದರು. ಕನ್ನಡಿಯೇ ಸೂರ್ಯನಾಯಿತು. ಆದರೆ ಎಲ್ಲವೂ ಸಾಧ್ಯವೆ? ಬಲೂನು ನಟನ ಭಾರವನ್ನು ಹೊತ್ತೀತು, ಅವನ ಕಾಲಿನಿಂದೆದ್ದ ಧೂಳಿನ ಭಾರವನ್ನು ಹೊರಲಾರದು. ಗಾಳಿಯಿಲ್ಲದ ಚಂದ್ರನಲ್ಲಿ ಧೂಳಿನ ಕಣವೂ ಎಸೆದ ಕಲ್ಲಿನಂತೆ ನೆಲಕ್ಕಿಳಿಯುತ್ತದೆ. ಇಲ್ಲಿ ಅದು ತೇಲಾಡುತ್ತದೆ.

ಯಂತ್ರಕೌಶಲಕ್ಕಿಂತ ಕಠಿನವಾದ ಪರೀಕ್ಷೆ ಎರಡನೆಯ ಕಂತಿನಲ್ಲಿತ್ತು. 1967ರ ಜನವರಿ 27ರಂದು, ನೆಲದ ಮೇಲೆಯೇ ನಡೆದ ತಾಲೀಮಿನಲ್ಲಿ ಅಪೋಲೊ 1 ನೌಕೆಗೆ ಬೆಂಕಿ ಹತ್ತಿ ಗ್ರಿಸಂ, ವೈಟ್, ಚಾಫೀ ಎಂಬ ಮೂವರು ಗಗನಯಾತ್ರಿಗಳು ಮಡಿದರು. ಒಳಗೆ ತುಂಬಿದ್ದುದು ಶುದ್ಧ ಆಮ್ಲಜನಕ. ಬಾಗಿಲು ಒಳಮುಖವಾಗಿ ತೆರೆಯುವಂಥದು. ಕಣ್ಣೀರು ತರಿಸುವುದು ಅಲ್ಲಿ ಸುಲಭವಾಗಿತ್ತು. ಧಾರಾವಾಹಿಯು ಅಷ್ಟಕ್ಕೆ ನಿಲ್ಲದೆ, ತಪ್ಪು ಎಲ್ಲಿ ನಡೆಯಿತೆಂಬ ವಿಚಾರಣೆಯ ಜಾಡನ್ನು ಹಿಡಿಯಿತು. ಮಡಿದವರಿಗೆ ಸಲ್ಲಬೇಕಾದ ಗೌರವವೂ ಅದೇ ಅಲ್ಲವೆ?

ಈ ಚಿತ್ರೀಕರಣದಲ್ಲಿ ನಟಿಸಿದ ಯಂತ್ರವೊಂದರ ಕಥೆಯೂ ಉಂಟು. ಗ್ರಮ್ಮನ್ ಸಂಸ್ಥೆಯು ಚಂದ್ರನ ಮೇಲಿಳಿಯಲೆಂದು ಕಟ್ಟತೊಡಗಿದ್ದ 13ನೆಯ ನೌಕೆಯು, ಕಡೆಯ ಯಾತ್ರೆಗಳು ರದ್ದಾದುದರಿಂದ ಅಪೂರ್ಣವಾಗಿಯೇ ಉಳಿದಿತ್ತು. ಚಂದ್ರನನ್ನು ಕಾಣದ ಆ ನೌಕೆಯನ್ನು ಧಾರಾವಾಹಿಗೆ ಬಳಸಿಕೊಂಡರು. ಈಗ ಅದು ನ್ಯೂಯಾರ್ಕಿನ ಲಾಂಗ್ ಐಲೆಂಡಿನ ವಸ್ತುಸಂಗ್ರಹಾಲಯವೊಂದರಲ್ಲಿದೆ.