ಕಾಳಿನ ಪಿಷ್ಟ, ಅರಳೆಯ ಎಳೆ: ಮನೆಯಲ್ಲಿಯೇ ಪರೀಕ್ಷಿಸುವ ಬಗೆ

ರೋಣ, ನರಗುಂದ, ಗಜೇಂದ್ರಗಡಗಳ ಎರೆಹೊಲಗಳಲ್ಲಿ ಹಿಂಗಾರಿಗೆ ಬೆಳೆದುನಿಲ್ಲುವ ಬಿಳಿಜೋಳದ ಕಾಳು ಮನುಷ್ಯನಿಗೆ ರೊಟ್ಟಿಯಾಗಿ, ಅದರ ದಂಟು ಕಣಿಕೆಯಾಗಿ ಎತ್ತಿಗೆ ಒದಗುವುದನ್ನು ನಿತ್ಯವೂ ಕಾಣುವ ನಾವು, ಕಾಳಿನ ಪಿಷ್ಟವೂ ದಂಟಿನ ಕೋಶಭಿತ್ತಿಯ ಸೆಲ್ಯುಲೋಸೂ ಒಂದೇ ಗ್ಲೂಕೋಸಿನ ಸರಪಳಿಗಳೆಂಬುದನ್ನು ನೆನೆಯುವುದು ವಿರಳ. ಭೇದವೆಲ್ಲ ಕೊಂಡಿ ಕೂಡಿದ ರೀತಿಯಲ್ಲಿದೆ. ಅದನ್ನು ಪ್ರತ್ಯಕ್ಷ ನೋಡಲು ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣ, ಒಂದು ಚಮಚ ಜೋಳದ ಹಿಟ್ಟು, ಒಂದು ಹಿಡಿ ಅರಳೆ ಇಷ್ಟಿದ್ದರೆ ಸಾಕು.

ಮೊದಲು ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಕುದಿಯುವ ಒಂದು ಲೋಟ ನೀರಿಗೆ ಸುರಿದು, ಗಂಟಾಗದಂತೆ ತಿರುವುತ್ತ ಗಂಜಿ ಕಾಸಬೇಕು. ಗೋಧಿಯ ಜಿಗುಟು ಜೋಳಕ್ಕಿಲ್ಲ. ಸುಮಾರು 70 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟಾಗುವುದರಿಂದಲೇ ಎಸರಿನಲ್ಲಿ ನಾದಿದ ಹಿಟ್ಟು ಬಡಿಯುವಾಗ ಬಿರಿಯದು. ಪಿಷ್ಟದ ಪಾಠಕ್ಕೆ ರೊಟ್ಟಿ ಬಡಿಯುವ ಒಲೆಯ ಮುಂದಿಗಿಂತ ಒಳ್ಳೆಯ ಶಾಲೆಯಿಲ್ಲವೆಂದೇ ನನ್ನ ಮತ.

ಗಂಜಿ ಪೂರ್ಣ ಆರಿದ ಮೇಲೆ, ನೀರು ಬೆರೆಸಿ ತೆಳುಮಾಡಿ, ಸ್ವಲ್ಪ ಬಟ್ಟಲಿಗೆ ತೆಗೆದು 2 ಹನಿ ಅಯೋಡಿನ್ ಬಿಡಿರಿ. ಕಡುನೀಲಿ ಏರುವುದು. ಅಮೈಲೋಸ್ ಎಂಬ, ಬಹುಮಟ್ಟಿಗೆ ಕವಲಿಲ್ಲದ ಸರಪಳಿ ಸುರುಳಿ ಸುತ್ತಿಕೊಂಡಿದ್ದು, ಆ ಸುರುಳಿಯೊಳಗೆ ಅಯೋಡಿನ್ ಸೇರಿಕೊಳ್ಳುವುದೇ ಇದಕ್ಕೆ ಕಾರಣ. ಬಟ್ಟಲನ್ನು ಬಿಸಿಮಾಡಿದರೆ ಬಣ್ಣ ಅಡಗಿ, ಆರಿದರೆ ಮರಳುವುದು. ಪಿಷ್ಟದ ಇನ್ನೊಂದು ಭಾಗವಾದ ಅಮೈಲೋಪೆಕ್ಟಿನ್ ಕವಲೊಡೆದದ್ದು. ನಮ್ಮ ಯಕೃತ್ತಿನಲ್ಲಿ ಸಂಗ್ರಹವಾಗುವ ಗ್ಲೈಕೋಜನ್ ಅದಕ್ಕಿಂತಲೂ ಹೆಚ್ಚು ಕವಲುಳ್ಳದ್ದು.

ಅರಳೆಯ ಸರದಿ ಅನಂತರ. ಹೊಲದ ಅರಳೆಗೆ ಮೇಣದ ಲೇಪವಿರುವುದರಿಂದ ಸೋಡಾ ನೀರಿನಲ್ಲಿ ಕುದಿಸಿ, ಸೋಡಾ ಉಳಿಯದಂತೆ ಹಲವು ಬಾರಿ ತೊಳೆದು, ಅಯೋಡಿನ್ ಹಾಕಿದರೆ ಕಂದುಬಣ್ಣವಷ್ಟೇ ಕಾಣುವುದು, ನೀಲಿ ಬಾರದು. ಅರಳೆಯ ಸೆಲ್ಯುಲೋಸಿನಲ್ಲಿ ಗ್ಲೂಕೋಸ್ ಒಂದಾದ ಮೇಲೊಂದು ಮಗುಚಿ ಕೂಡಿ ನೆಟ್ಟಗಿನ ಎಳೆಯಾಗಿ, ಎಳೆಗಳು ಹಗ್ಗದ ಹುರಿಯಂತೆ ಬಿಗಿದಿರುತ್ತವೆ. ಗಜೇಂದ್ರಗಡದ ಕೈಮಗ್ಗದ ಹಾಸಿನ ನೂಲನ್ನು ಪರೀಕ್ಷೆಗೆ ತರುವವರು ಎಚ್ಚರ ವಹಿಸಬೇಕು: ಗಂಜಿ ಹಿಡಿಸಿದ ನೂಲಾದರೆ ನೀಲಿಯೇರುತ್ತದೆ.

ಕಡೆಯದಾಗಿ, ತೆಳುಗಂಜಿಯ ಇನ್ನೆರಡು ಬಟ್ಟಲುಗಳಲ್ಲಿ ಒಂದಕ್ಕೆ ಎಂಜಲು ಬೆರೆಸಿ, ಎರಡನ್ನೂ ಕಾಲು ಗಂಟೆ ಬೆಚ್ಚಗಿಟ್ಟು, ಆಮೇಲೆ ಅಯೋಡಿನ್ ಹಾಕಿರಿ. ಎಂಜಲು ಸೇರಿದುದರಲ್ಲಿ ನೀಲಿ ಮಾಸಿರುವುದು, ಇಲ್ಲವೆ ಬಾರದು. ಅದರ ಅಮೈಲೇಸ್ ಕಿಣ್ವ ಸರಪಳಿಯನ್ನು ತುಂಡರಿಸಿದೆ. ಸೆಲ್ಯುಲೋಸನ್ನು ಕತ್ತರಿಸುವ ಕಿಣ್ವ ನಮ್ಮಲ್ಲಿಲ್ಲ. ಎತ್ತಿಗೂ ಸ್ವಂತವಾಗಿ ಇಲ್ಲ, ಅದರ ಹೊಟ್ಟೆಯ ಸೂಕ್ಷ್ಮಜೀವಿಗಳೇ ಕಣಿಕೆಯನ್ನು ಅರಗಿಸಿಕೊಡುತ್ತವೆ.

ಅಯೋಡಿನ್ ಬಿದ್ದ ಗಂಜಿಯನ್ನು ದನಕ್ಕಿಡದೆ ಚೆಲ್ಲತಕ್ಕದ್ದು. ಬಟ್ಟೆಗೆ ತಾಗಿದರೆ ಕಲೆ ಬೇಗ ಹೋಗದು.